ಹಾಜರಿ ಪುಸ್ತಕದ ಹುಡುಗ, ಕುರಿಮಂದೆಯ ಹುಡುಗ

ಮೊಳಕಾಲ್ಮೂರು ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿನ ಶಾಲೆಯ ಹಾಜರಿ ಪುಸ್ತಕದಲ್ಲಿ ನಮ್ಮ ಕೇರಿಯ ಒಬ್ಬ ಹುಡುಗ ಇದ್ದಾನೆ. ಐದನೇ ಕ್ಲಾಸು. ನವೆಂಬರ್, ಡಿಸೆಂಬರ್, ಜನವರಿ ಮೂರು ತಿಂಗಳೂ ಅವನ ಹೆಸರಿನ ಮುಂದೆ ಒಂದು ದಿನ ತಪ್ಪದೆ ಹಾಜರಿ ಬಿದ್ದಿದೆ. ನೆಗಡಿ ಇಲ್ಲ, ಜ್ವರ ಇಲ್ಲ, ಜಾತ್ರೆ ಇಲ್ಲ. ಇಷ್ಟು ಶಿಸ್ತಿನ ಹುಡುಗ ಇಡೀ ಜಿಲ್ಲೆಯಲ್ಲಿ ಇನ್ನೊಬ್ಬ ಸಿಗಲಿಕ್ಕಿಲ್ಲ.

ಅದೇ ಮೂರು ತಿಂಗಳು ಅದೇ ಹುಡುಗ ರಾಯದುರ್ಗದ ಆಚೆಯ ಬಯಲಲ್ಲಿ ಇನ್ನೂರು ಕುರಿಗಳ ಹಿಂದೆ ನಡೀತಿದ್ದ. ಅಪ್ಪ ಬೆಂಗಳೂರಲ್ಲಿ ಗಾರೆ ಕೆಲಸ. ಅವ್ವ ಕಾಫಿ ಕುಯ್ಯಾಕೆ ಚಿಕ್ಕಮಗಳೂರಿಗೆ ಹೋಗಿದ್ದಳು. ಮನೇಲಿ ಇದ್ದದ್ದು ಅಜ್ಜಿ ಒಬ್ಬಳು, ಅವಳ ತಲೆ ಮೇಲೆ ವಾರ ವಾರ ಬರೋ ಸಂಘದ ಸಾಲದ ಕಂತು. ಕುರಿಮಂದೆಯ ಒಡೆಯ 12,000 ರೂಪಾಯಿ ಮುಂಗಡ ಕೊಟ್ಟು ಹುಡುಗನನ್ನು ಒಂದು ವರ್ಷಕ್ಕೆ ಕರೆದುಕೊಂಡು ಹೋದ. ಜೀತ ಅನ್ನೋ ಮಾತು ಯಾರೂ ಆಡಲಿಲ್ಲ. ಈಗ ಯಾರೂ ಆಡೋದಿಲ್ಲ. "ಹುಡ್ಗ ಉಂಡ್ಕಂಡು ಇರ್ತಾನೆ ಬಿಡವ್ವ" ಅಂದರಂತೆ.

ಜನವರಿ ಕೊನೆಯ ಒಂದು ರಾತ್ರಿ ಒಂದು ಕುರಿ ಕಾಣೆಯಾಯಿತು. ತೋಳ ಎಳೆದುಕೊಂಡು ಹೋಯಿತೋ ಕಳ್ಳರು ಹೊಡೆದರೋ ಗೊತ್ತಿಲ್ಲ. ಹುಡುಗ ನಿದ್ದೆ ಮಾಡಿದ್ದ. ಹತ್ತು ವರ್ಷದ ಹುಡುಗ ರಾತ್ರಿ ನಿದ್ದೆ ಮಾಡಿದ, ಅದೇ ಅವನ ತಪ್ಪು. ಒಡೆಯ ಕೋಲು ತಗೊಂಡ. ಬಲಗೈ ಮೊಣಕೈ ಹತ್ತಿರ ಮುರೀತು. ಅಲ್ಲೇ ಯಾರೋ ನಾಟಿ ಪಟ್ಟು ಕಟ್ಟಿದರು, ಮೂಳೆ ಸೊಟ್ಟಗೆ ಕೂಡಿಕೊಂಡಿತು. ಹನ್ನೆರಡು ದಿನ ಆದಮೇಲೆ ಒಂದು ರಾತ್ರಿ ಬೈಕಿನಲ್ಲಿ ತಂದು ಕೇರಿಯ ತುದೀಲಿ ಇಳಿಸಿ ಹೋದರು, ಗೊಬ್ಬರದ ಚೀಲ ಇಳಿಸಿದಂಗೆ.

ಮಾರನೇ ದಿನ ಗುಡಿ ಜಗಲಿ ಮೇಲೆ ರಾಜಿ ಪಂಚಾಯ್ತಿ. ಜಗಲಿ ಮೇಲೆ ಅವರು, ಕೆಳಗೆ ನಮ್ಮ ಹಿರೇರು. ಕೈ ಮುರಿದಿದ್ದಕ್ಕೆ 20,000 ಅಂತ ತೀರ್ಮಾನ ಆಯಿತು. ಅದರಲ್ಲಿ ವರ್ಷ ದುಡಿಯಲಿಲ್ಲವಾದ್ದರಿಂದ ಮುಂಗಡ 12,000 ಕಳೆ. ಕಳೆದುಹೋದ ಕುರಿಯ ಬಾಬ್ತು 8,000 ಕಳೆ. ಉಳಿದದ್ದು ಎಷ್ಟು? ನೀವೇ ಲೆಕ್ಕ ಹಾಕಿ. ಲೆಕ್ಕ ಕಲಿಯೋಕೆ ತಾನೇ ನಮ್ಮನ್ನು ಹಾಸ್ಟೆಲಿಗೆ ಕಳಿಸಿರೋದು!

ನಾವು ಐದು ಜನ ಹಾಸ್ಟೆಲ್ ಹುಡುಗರು ಆ ಅಜ್ಜಿಯನ್ನೂ ಹುಡುಗನನ್ನೂ ಕರೆದುಕೊಂಡು ಸಂಬಂಧಪಟ್ಟ ಕಚೇರಿಗೆ ಹೋದೆವು. ಅಧಿಕಾರಿ ಒಳ್ಳೆಯ ಮಾತಿನವರೇ, ಕುರ್ಚಿ ಕೊಟ್ಟರು. ಶಾಲೆಗೆ ಫೋನು ಮಾಡಿದರು. ಫೋನಿಟ್ಟು ಹೇಳಿದರು: "ಏನ್ರಪ್ಪಾ, ರಿಜಿಸ್ಟರ್ ಪ್ರಕಾರ ಹುಡುಗ ಮೂರು ತಿಂಗಳೂ ಶಾಲೆಯಲ್ಲೇ ಇದ್ದಾನಲ್ಲ. ಶಾಲೆಗೆ ಹೋಗೋ ಹುಡುಗ ಬಾಲ ಕಾರ್ಮಿಕ ಹೆಂಗಾಗ್ತಾನೆ?"

ಹುಡುಗ ಎದುರಿಗೇ ನಿಂತಿದ್ದ, ಸೊಟ್ಟ ಕೈ ಹಿಡಿದುಕೊಂಡು. ಅವರು ನೋಡಿದ್ದು ರಿಜಿಸ್ಟರನ್ನು. ಅದೂ ಫೋನಿನಲ್ಲಿ.

ಹಾಜರಿ ಹಾಕಿದ ಮೇಷ್ಟ್ರನ್ನು ನಾವು ಬೈಯೋಕೆ ಹೋಗಿದ್ದೆವು, ನಿಜ ಹೇಳ್ತೀವಿ, ಹೊಡೆಯೋ ಸಿಟ್ಟಲ್ಲೇ ಹೋಗಿದ್ದೆವು. ಅವರು ಅತ್ತರು. ಮಕ್ಕಳ ಸಂಖ್ಯೆ ಇಳಿದರೆ ಒಬ್ಬ ಶಿಕ್ಷಕರು ಹೆಚ್ಚುವರಿ ಅಂತ ಆಗ್ತಾರೆ, ವರ್ಗ ಆಗ್ತದೆ, ಐದು ಕ್ಲಾಸಿಗೆ ಒಬ್ಬರೇ ಉಳೀತಾರೆ. ಬಿಸಿಯೂಟದ ಅಕ್ಕಿ ಬೇಳೆ ಹಾಜರಿ ಲೆಕ್ಕದಲ್ಲಿ ಬರ್ತದೆ. ಮೇಲಿನವರು ಬಂದಾಗ ಕೇಳೋದು "ಹಾಜರಾತಿ ಎಷ್ಟು ಪರ್ಸೆಂಟು?" ಅಂತ, "ಯಾವ ಹುಡುಗ ಎಲ್ಲಿ ಹೋದ?" ಅಂತ ಕೇಳೋರಿಲ್ಲ. ಹಂಗಾಗಿ ಸುಗ್ಗಿ ಮುಗಿದು ಕೇರಿ ಖಾಲಿಯಾದ ಕಾಲಕ್ಕೇ ನಮ್ಮ ಶಾಲೆಗಳಲ್ಲಿ ಹಾಜರಾತಿ ಚೆನ್ನಾಗಿರುತ್ತದೆ. ಶಾಲೆ ಬಿಟ್ಟ ಮಕ್ಕಳ ವಿಚಾರವನ್ನು 2013ರಲ್ಲಿ ಕರ್ನಾಟಕ ಹೈಕೋರ್ಟು ತಾನಾಗಿಯೇ ಕೈಗೆತ್ತಿಕೊಂಡಿತ್ತು. ಸರ್ವೆ ಆದವು, ಸುತ್ತೋಲೆ ಬಂದವು. ಆದರೆ ಪುಸ್ತಕದಲ್ಲಿ ಹಾಜರಿರೋ ಹುಡುಗನನ್ನು ಯಾವ ಸರ್ವೆ ಹುಡುಕುತ್ತದೆ? ಅವನು ಕಳೆದುಹೋಗಿಯೇ ಇಲ್ಲವಲ್ಲ!

ಮೇಷ್ಟ್ರು ಕೆಟ್ಟವರಲ್ಲ ಅಂತ ಒಪ್ಪಿಕೊಳ್ತೀವಿ. ಆದರೆ ಅವರ ಒಂದೊಂದು ಹಾಜರಿ ಗುರುತೂ ಆ ಒಡೆಯನ ಪರ ಸಾಕ್ಷಿ ಹೇಳಿತು. ಇದನ್ನು ಅವರ ಮುಖದ ಮೇಲೇ ಹೇಳಿ ಬಂದೆವು.

ಈಗ ಇನ್ನೊಂದು ನಾಟಕ ನೋಡಿ. ವರ್ಷಕ್ಕೆ ಎರಡು ಸಲ ಕೇರಿಗೆ ಜೀಪು ಬರ್ತದೆ. ಶಾಮಿಯಾನ, ಮೈಕು, ಬ್ಯಾನರು. ಮಕ್ಕಳ ರಕ್ಷಣೆಯ ಅರಿವು ಕಾರ್ಯಕ್ರಮ. ನಮ್ಮ ಅವ್ವಂದಿರನ್ನು ನೆಲದ ಮೇಲೆ ಕೂರಿಸಿ ಬುದ್ಧಿ ಹೇಳ್ತಾರೆ: ಬಾಲ್ಯವಿವಾಹ ಮಾಡಬೇಡಿ, ಮಕ್ಕಳನ್ನು ದುಡಿಯೋಕೆ ಕಳಿಸಬೇಡಿ, ಗಂಡಸರೇ ಕುಡೀಬೇಡಿ, ಹೆಣ್ಣುಮಕ್ಕಳನ್ನು ದೇವರಿಗೆ ಬಿಡಬೇಡಿ. ಎಲ್ಲಾ ಸರಿಯಾದ ಮಾತೇ. ಆದರೆ ಕೇಳುತ್ತಾ ಕೇಳುತ್ತಾ ನಮಗೆ ಏನನ್ನಿಸ್ತದೆ? ಈ ಕೇರಿಯ ಮಕ್ಕಳಿಗೆ ಶತ್ರು ಯಾರು ಅಂದರೆ ಈ ಕೇರಿಯ ತಾಯಿ ತಂದೆಯೇ ಅಂತ ಅಲ್ಲವೇ? ಆ ಅಜ್ಜಿಗೆ ಅರಿವು ಇರಲಿಲ್ಲವೇ? ಅವಳು ನಮಗೆ ಹೇಳಿದ್ದು ಇಷ್ಟು: "ಯಪ್ಪಾ, ನನಗೆ ಗೊತ್ತಿಲ್ವಾ ಅದು ತಪ್ಪು ಅಂತ? ಕಂತಿನೋರು ಬಾಗ್ಲಾಗೆ ಕುಂತಿದ್ರು." ಅರಿವು ಬೇಕಾಗಿರೋದು ಯಾರಿಗೆ? ಜಗಲಿ ಮೇಲೆ ಕೂತವರಿಗೆ ಒಂದು ಅರಿವು ಕಾರ್ಯಕ್ರಮ ನಡೆದದ್ದನ್ನು ಚಳ್ಳಕೆರೆ ಮೊಳಕಾಲ್ಮೂರಿನಲ್ಲಿ ನಾವಂತೂ ಕಂಡಿಲ್ಲ.

ಈ ಆಟ ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಕರಿಯ ಜನರ ಮೇಲೆ ಇದನ್ನೇ ಆಡಿದ್ದಾರೆ. 1965ರಲ್ಲಿ ಅಲ್ಲಿನ ಕಾರ್ಮಿಕ ಇಲಾಖೆಯ ಮೊಯ್ನಿಹಾನ್ ಅನ್ನುವವರು ಕರಿಯರ ಕುಟುಂಬದ ಮೇಲೆ ಒಂದು ವರದಿ ಬರೆದರು. ನಿರುದ್ಯೋಗದ ಮಾತೂ ಅದರಲ್ಲಿತ್ತು, ಗುಲಾಮಗಿರಿಯ ಚರಿತ್ರೆಯೂ ಇತ್ತು. ಆದರೆ ದೇಶದ ಕಿವಿಗೆ ಬಿದ್ದದ್ದು ಒಂದೇ: ಕರಿಯರ ಮನೆ ಸರಿಯಿಲ್ಲ, ತಾಯಿಯೇ ಯಜಮಾನಿ, ತಂದೆಗೆ ಜವಾಬ್ದಾರಿಯಿಲ್ಲ, ಅದಕ್ಕೇ ಮಕ್ಕಳು ಹಾಳು. ಇನ್ನೂರೈವತ್ತು ವರ್ಷ ತಾಯಿಯಿಂದ ಮಗುವನ್ನು ಕಿತ್ತು ಸಂತೆಯಲ್ಲಿ ಮಾರಿದವರು, ಆಮೇಲೆ ಕುಟುಂಬ ಹೇಗಿರಬೇಕು ಅಂತ ಪಾಠ ಹೇಳೋಕೆ ನಿಂತರು!

ಬಾಬಾಸಾಹೇಬರು 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಓದಿದರು. ಕರಿಯರ ಹಾರ್ಲೆಮ್ ಅಲ್ಲಿಗೆ ಪಕ್ಕದ ಕೇರಿ. 1946ರಲ್ಲಿ ಅವರು ಕರಿಯರ ನಾಯಕ ಡುಬಾಯ್ಸ್ ಅವರಿಗೆ ಕಾಗದ ಬರೆದು, ಅಸ್ಪೃಶ್ಯರ ಸ್ಥಿತಿಗೂ ಕರಿಯರ ಸ್ಥಿತಿಗೂ ಇರುವ ಹೋಲಿಕೆಯನ್ನು ಹೇಳಿ, ವಿಶ್ವಸಂಸ್ಥೆಗೆ ಅವರು ಕೊಡುತ್ತಿದ್ದ ಮನವಿಯ ಪ್ರತಿ ಕೇಳಿದರು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಪ್ಯಾಂಥರ್ ಅನ್ನೋ ಹೆಸರು ತಗೊಂಡದ್ದೂ ಆ ಕಡೆಯಿಂದಲೇ. ಆ ಬ್ಲ್ಯಾಕ್ ಪ್ಯಾಂಥರುಗಳು ಬಂದೂಕು ಹಿಡಿದ ಚಿತ್ರ ಮಾತ್ರ ನಮ್ಮ ಹುಡುಗರ ಮೊಬೈಲಿನಲ್ಲಿ ಓಡಾಡ್ತದೆ. ಅವರು 1969ರಲ್ಲಿ ಓಕ್ಲೆಂಡಿನ ಒಂದು ಚರ್ಚಿನಲ್ಲಿ ಶಾಲೆಗೆ ಹೋಗೋ ಹಸಿದ ಮಕ್ಕಳಿಗೆ ಬೆಳಗಿನ ತಿಂಡಿ ಬೇಯಿಸಿ ಹಾಕಿದರು, ಅದು ಊರೂರಿಗೆ ಹಬ್ಬಿತು. ಮೊದಲು ಕೇರಿಯ ಮಗುವಿಗೆ ಊಟ, ಆಮೇಲೆ ಭಾಷಣ. ನಮ್ಮ ಸಂಘಟನೆಗಳಲ್ಲಿ ಎಷ್ಟು ಕಡೆ ಇದನ್ನು ಮಾಡಿದ್ದೇವೆ?

ಅಲ್ಲಿನ ಒಬ್ಬ ತಾಯಿಯ ವಿಷಯ ಹೇಳಲೇಬೇಕು. 1955ರ ಆಗಸ್ಟ್ ತಿಂಗಳು. ಎಮೆಟ್ ಟಿಲ್ ಅನ್ನೋ ಹದಿನಾಲ್ಕು ವರ್ಷದ ಕರಿಯ ಹುಡುಗ ಶಿಕಾಗೋದಿಂದ ಮಿಸಿಸಿಪ್ಪಿಯ ನೆಂಟರ ಮನೆಗೆ ಬಂದಿದ್ದ. ಅಂಗಡಿಯಲ್ಲಿ ಬಿಳಿ ಹೆಂಗಸಿನ ಜೊತೆ ಸಲಿಗೆಯಿಂದ ನಡೆದುಕೊಂಡ ಅಂತ ಆರೋಪ ಹೊರಿಸಿ ರಾತ್ರಿ ಮನೆಯಿಂದ ಎಳೆದೊಯ್ದು ಕೊಂದು ನದಿಗೆ ಎಸೆದರು. ಹೆಣ ಗುರುತು ಸಿಗದಂಗಾಗಿತ್ತು. ತಾಯಿ ಮೇಮಿ ಟಿಲ್ ಪೆಟ್ಟಿಗೆ ಮುಚ್ಚಲು ಬಿಡಲಿಲ್ಲ. ನನ್ನ ಮಗನಿಗೆ ಏನು ಮಾಡಿದ್ದಾರೆ ಅಂತ ಲೋಕ ನೋಡಲಿ ಅಂದಳು. ಸಾವಿರ ಸಾವಿರ ಜನ ಸಾಲುಗಟ್ಟಿ ನೋಡಿದರು, ಪತ್ರಿಕೆಯಲ್ಲಿ ಫೋಟೋ ಬಂತು. ಪೂರಾ ಬಿಳಿಯರೇ ಇದ್ದ ಜ್ಯೂರಿ ಒಂದು ಗಂಟೆ ಚಿಲ್ಲರೆಯಲ್ಲಿ ಕೊಲೆಗಾರರನ್ನು ಬಿಟ್ಟಿತು. 1956ರಲ್ಲಿ ಅವರೇ ಒಂದು ಪತ್ರಿಕೆಯಿಂದ ಕಾಸು ಇಸಕೊಂಡು "ಹೌದು, ನಾವೇ ಕೊಂದದ್ದು" ಅಂದರು. ಆ ಹುಡುಗನ ಹೆಸರಿನಲ್ಲಿ ಒಂದು ಕಾನೂನು ಬರೋಕೆ 2022 ಆಗಬೇಕಾಯಿತು. ಕೋರ್ಟು ಕೈ ಬಿಟ್ಟಿತು, ನಿಜ. ಆದರೆ ಆ ತಾಯಿ ಮುಚ್ಚಳ ತೆಗೆದಿಟ್ಟಿದ್ದರಿಂದಲೇ ಒಂದು ತಲೆಮಾರಿನ ಕರಿಯ ಹುಡುಗರು ಬೀದಿಗೆ ಬಂದರು.

ನಮ್ಮ ರಾಜಿ ಪಂಚಾಯ್ತಿ ಏನು ಮಾಡ್ತದೆ? ಮುಚ್ಚಳ ಹಾಕ್ತದೆ. ಮುಚ್ಚಳದ ರೇಟು ಒಂದೊಂದು ಊರಲ್ಲಿ ಒಂದೊಂದು.

2021ರ ಸೆಪ್ಟೆಂಬರಿನಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ಎರಡು ವರ್ಷದ ಕೂಸು ಹುಟ್ಟುಹಬ್ಬದ ದಿನ ಗುಡಿಯೊಳಗೆ ಓಡಿಹೋಯಿತು. ಅಪ್ಪ ಹೊರಗೇ ನಿಂತು ಕೈ ಮುಗೀತಿದ್ದ. ಶುದ್ಧಿ ಮಾಡೋಕೆ ಅಂತ 25,000 ಕೇಳಿದರು. 2022ರ ಸೆಪ್ಟೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಒಬ್ಬ ಹುಡುಗ ದೇವರ ಗುಜ್ಜುಕೋಲು ಮುಟ್ಟಿದ ಅಂತ ಮನೆಯವರಿಗೆ 60,000 ದಂಡ ಹಾಕಿದರು. ಆ ತಾಯಿ ದಂಡ ಕಟ್ಟಲಿಲ್ಲ. ಗೋಡೆಯ ಮೇಲಿದ್ದ ದೇವರ ಪಟ ಇಳಿಸಿ ಅಂಬೇಡ್ಕರ್ ಪಟ ಹಾಕಿದಳು. ಅದೇ ಮಾಲೂರು ತಾಲ್ಲೂಕಿನ ಯಲುವಹಳ್ಳಿಯ ವಸತಿ ಶಾಲೆಯಲ್ಲಿ 2023ರ ಡಿಸೆಂಬರಿನಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ವಿಡಿಯೋ ಇಡೀ ರಾಜ್ಯ ನೋಡಿತು. ವಸತಿ ಶಾಲೆ! ಸರ್ಕಾರ ನಮ್ಮ ಮಕ್ಕಳನ್ನು ರಕ್ಷಣೆಗೆ ಅಂತ ಇಟ್ಟ ಜಾಗ! 2025ರ ಜೂನ್ ತಿಂಗಳಲ್ಲಿ ಚಾಮರಾಜನಗರದ ಹೊಮ್ಮ ಗ್ರಾಮದಲ್ಲಿ ದಲಿತ ಹೆಂಗಸು ಅಡುಗೆ ಮಾಡ್ತಾರೆ ಅಂತ ಮಕ್ಕಳನ್ನು ಶಾಲೆ ಬಿಡಿಸಿದ ಸುದ್ದಿ ಬಂತು. ಬಿಸಿಯೂಟದ ಅಡುಗೆಗೆ ದಲಿತರಿಗೇ ಆದ್ಯತೆ ಕೊಡಬೇಕು ಅಂತ ಸುಪ್ರೀಂ ಕೋರ್ಟು 2004ರಲ್ಲೇ ಹೇಳಿದೆ. ಅಡುಗೆ ಬೆಂದಿದೆ, ಜಾತಿ ಬೆಂದಿಲ್ಲ.

ದೂರದ ಕೋಲಾರ ಕೊಪ್ಪಳ ಯಾಕೆ, ನಮ್ಮ ದುರ್ಗದಲ್ಲೇ 2023ರ ಜುಲೈ ಆಗಸ್ಟಿನಲ್ಲಿ ಕವಾಡಿಗರಹಟ್ಟಿಯ ಜನ ನಲ್ಲಿ ನೀರು ಕುಡಿದು ಆಸ್ಪತ್ರೆ ಸೇರಿದರು. ನೂರಕ್ಕೂ ಹೆಚ್ಚು ಜನ. ಪ್ರಾಣಗಳೂ ಹೋದವು. ಅಲ್ಲಿ ಇರೋರು ಹೆಚ್ಚಿನಪಾಲು ನಮ್ಮ ಜನವೇ. ಅಮೆರಿಕದಲ್ಲಿ ಫ್ಲಿಂಟ್ ಅಂತ ಒಂದು ಊರು, ಅರ್ಧಕ್ಕಿಂತ ಹೆಚ್ಚು ಕರಿಯರು. 2014ರಲ್ಲಿ ಖರ್ಚು ಉಳಿಸೋಕೆ ಅಂತ ನೀರಿನ ಮೂಲ ಬದಲಿಸಿದರು, ಕೊಳವೆಯ ಸೀಸ ಕರಗಿ ಮಕ್ಕಳ ರಕ್ತ ಸೇರಿತು. ನೀರಿನ ಬಣ್ಣ ಕೆಟ್ಟಿದೆ ಅಂತ ತಾಯಂದಿರು ಬಾಟಲಿ ಹಿಡಿದು ಒಂದು ವರ್ಷ ಅಲೆದರು. ನೀರು ಸರಿಯಾಗಿದೆ, ಕುಡೀರಿ ಅಂದರು. ಬಡವರ ಬಡಾವಣೆಯ ನಲ್ಲಿಗೆ ದೂರು ಹೇಳೋ ಬಾಯಿ ಎಷ್ಟೇ ಇದ್ದರೂ ಕೇಳೋ ಕಿವಿ ಇಲ್ಲ, ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ.

ಇಷ್ಟು ಹೇಳಿದ ಮೇಲೆ ನಮ್ಮ ಕೆಲವು ಗೆಳೆಯರು ಕೇಳ್ತಾರೆ: "ನಮ್ಮೋರೇ ಗೆದ್ದು ಬಂದರೆ ಎಲ್ಲಾ ಸರಿಹೋಗ್ತದಲ್ಲ?" ನಮ್ಮೋರು ಗೆದ್ದೇ ಇದ್ದಾರಲ್ರಯ್ಯಾ! 2008ರಿಂದ ಚಳ್ಳಕೆರೆ ಮೀಸಲು, ಮೊಳಕಾಲ್ಮೂರು ಮೀಸಲು, ಎರಡೂ ಪರಿಶಿಷ್ಟ ಪಂಗಡಕ್ಕೆ. 2009ರಿಂದ ಚಿತ್ರದುರ್ಗ ಲೋಕಸಭೆ ಪರಿಶಿಷ್ಟ ಜಾತಿಗೆ ಮೀಸಲು. 2019ರ ಸೆಪ್ಟೆಂಬರಿನಲ್ಲಿ ಆ ಲೋಕಸಭಾ ಸದಸ್ಯರನ್ನೇ ಪಾವಗಡ ತಾಲ್ಲೂಕಿನ ಒಂದು ಹಟ್ಟಿಯೊಳಗೆ ಬಿಡದೆ ಹೊರಗೇ ಕೂರಿಸಿದರು. ಅವರು ದೂರು ಕೊಡಲಿಲ್ಲ. ದಿಲ್ಲಿಯಲ್ಲಿ ಕೂರುವವರೇ ಹಟ್ಟಿಯ ಬಾಗಿಲಲ್ಲಿ ಸುಮ್ಮನಾದರೆ ಕುರಿ ಕಾಯೋ ಹುಡುಗನ ಪರ ಬಾಯಿ ಬಿಡೋರು ಯಾರು?

ಇದಕ್ಕೂ ಅಟ್ಲಾಂಟಾದಲ್ಲಿ ಒಂದು ಪಾಠ ಇದೆ. 1979ರಿಂದ 1981ರವರೆಗೆ ಆ ನಗರದ ಬಡ ಕರಿಯರ ಬೀದಿಗಳಿಂದ ಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾದರು, ಹೆಣವಾಗಿ ಸಿಕ್ಕರು. ಹದಿಹರೆಯದವರೂ ಯುವಕರೂ ಸೇರಿ ಮೂವತ್ತರ ಹತ್ತಿರ. ಮೊದಮೊದಲು ಪೊಲೀಸರು "ಮನೆ ಬಿಟ್ಟು ಓಡಿಹೋಗಿರ್ತಾರೆ" ಅಂದರು. ಆಗ ಅಟ್ಲಾಂಟಾದ ಮೇಯರು ಬಿಳಿಯ ಅಲ್ಲ, ಮೇನಾರ್ಡ್ ಜಾಕ್ಸನ್, ಆ ನಗರದ ಮೊದಲ ಕರಿಯ ಮೇಯರು. ಆದರೂ ಈ ಸಾವುಗಳೆಲ್ಲಾ ಒಂದೇ ಸರಣಿ ಅಂತ ಸರ್ಕಾರ ಒಪ್ಪಬೇಕಾದರೆ ತಾಯಂದಿರು 1980ರಲ್ಲಿ ತಾವೇ ಸಮಿತಿ ಕಟ್ಟಿ ಬೀದಿಗಿಳಿಯಬೇಕಾಯಿತು. 1982ರಲ್ಲಿ ಒಬ್ಬನಿಗೆ ಶಿಕ್ಷೆಯಾಯಿತು, ಅದೂ ಇಬ್ಬರು ವಯಸ್ಕರ ಕೊಲೆಗೆ. ಮಕ್ಕಳ ಕೇಸುಗಳಲ್ಲಿ ಬಹುಪಾಲನ್ನು ವಿಚಾರಣೆಯೇ ಇಲ್ಲದೆ ಅವನ ತಲೆಗೆ ಕಟ್ಟಿ ಫೈಲು ಮುಚ್ಚಿದರು. 2019ರಲ್ಲಿ ನಲವತ್ತು ವರ್ಷದ ಮೇಲೆ ಮತ್ತೆ ಸಾಕ್ಷ್ಯ ಪರೀಕ್ಷೆ ಮಾಡ್ತೀವಿ ಅಂದವರೂ ಒಬ್ಬ ಕರಿಯ ಮೇಯರೇ. ಕುರ್ಚಿ ನಮಗೆ ಬೇಕು, ಬೇಡ ಅನ್ನೋಷ್ಟು ಸಾಧುಗಳು ನಾವಲ್ಲ. ಆದರೆ ಕುರ್ಚಿಯಲ್ಲಿ ಕೂತವನ ಕಿವಿ ಹಿಂಡೋಕೆ ಕೆಳಗೆ ಯಾರಾದರೂ ನಿಂತಿರಬೇಕು.

ಈಗ ಕುರಿಯ ವಿಷಯಕ್ಕೆ ವಾಪಸು ಬರೋಣ. ಈ ಕುರಿಮಂದೆ ರಾಯದುರ್ಗದ ಆಚೆಗೆ ಯಾಕೆ ಹೋಯಿತು? ಅದರ ಒಡೆಯ ಚಳ್ಳಕೆರೆ ತಾಲ್ಲೂಕಿನ ಕಾವಲಿನ ಅಂಚಿನ ಊರಿನವನು. ಅಮೃತ್ ಮಹಲ್ ಕಾವಲು ಇದ್ದಾಗ ಅವನ ಅಪ್ಪನ ಕುರಿ ಅಲ್ಲೇ ಮೇಯ್ತಿದ್ದವು, ಸಂಜೆ ಮನೆಗೆ ಬರ್ತಿದ್ದವು. 2009ರ ಸುಮಾರಿನಿಂದ ಕುದಾಪುರ, ಉಳ್ಳಾರ್ತಿ, ವರವು ಕಾವಲು ಕಡೆ ಸುಮಾರು 10,000 ಎಕರೆ ರಕ್ಷಣಾ ಇಲಾಖೆಗೆ, ಅಣುಶಕ್ತಿಗೆ, ಬಾಹ್ಯಾಕಾಶಕ್ಕೆ, ವಿಜ್ಞಾನ ಸಂಸ್ಥೆಗೆ ಅಂತ ಹೋಯಿತು. ಗೋಡೆ ಎದ್ದವು. ಜನ ಹಸಿರು ನ್ಯಾಯಮಂಡಳಿಯವರೆಗೂ ಹೋಗಿ ಬಂದರು. ಮೇವು ಹೋದಮೇಲೆ ಮಂದೆ ದೂರ ಹೋಗಬೇಕು, ತಿಂಗಳುಗಟ್ಟಲೆ ಹೊರಗೆ ಇರಬೇಕು. ಒಡೆಯನ ಮಕ್ಕಳು ಇಂಗ್ಲಿಷ್ ಶಾಲೆಗೆ ಸೇರಿಕೊಂಡರು. ಹಂಗಾದರೆ ಮಂದೆಯ ಹಿಂದೆ ಯಾರು? ನಮ್ಮ ಕೇರಿಯ ಹುಡುಗ. ಇದು ನಮ್ಮ ಲೆಕ್ಕ, ಯಾವ ತಜ್ಞರ ವರದಿಯೂ ಅಲ್ಲ. ತಪ್ಪಿದ್ದರೆ ಹೇಳಿ, ತಿದ್ದಿಕೊಳ್ತೀವಿ.

ಅದೇ ಉಳ್ಳಾರ್ತಿ ಕಾವಲಲ್ಲಿ ಚಂದ್ರನ ಮೇಲೆ ಇರೋಂಥ ಕುಳಿಗಳನ್ನು ತೋಡಿ, ಚಂದ್ರಯಾನದ ಯಂತ್ರಕ್ಕೆ ಕುಳಿ ಕಂಡು ತಪ್ಪಿಸಿಕೊಂಡು ಇಳಿಯೋದನ್ನು ಕಲಿಸಿದರು. 2023ರ ಆಗಸ್ಟ್ 23ರ ಸಂಜೆ ಅದು ಚಂದ್ರನ ಮೇಲೆ ಇಳಿದಾಗ ನಾವೂ ಹಾಸ್ಟೆಲಿನ ಟೀವಿ ಮುಂದೆ ಚಪ್ಪಾಳೆ ಹೊಡೆದೆವು. ಹೊಡೆದದ್ದಕ್ಕೆ ನಾಚಿಕೆ ಏನಿಲ್ಲ, ವಿಜ್ಞಾನ ನಮ್ಮದೂ ಹೌದು. ಆದರೆ ಯಂತ್ರ ಎಡವಬಾರದು ಅಂತ ಅಷ್ಟು ಮುತುವರ್ಜಿ ಮಾಡಿದ ನೆಲದಲ್ಲೇ, ಒಂದು ಹುಡುಗ ಎಲ್ಲಿ ಬಿದ್ದ ಅಂತ ನೋಡೋಕೆ ಒಬ್ಬ ಇನ್ಸ್‌ಪೆಕ್ಟರಿಗೆ ಜೀಪಿಗೆ ಡೀಸೆಲ್ ಇಲ್ಲವಂತೆ.

ದುಡ್ಡಿಲ್ಲ ಅಂತಾರೆ. ನಮ್ಮ ಹೆಸರಿನಲ್ಲಿ 2013ರಲ್ಲಿ ವಿಶೇಷ ಘಟಕ ಯೋಜನೆಯ ಕಾಯ್ದೆ ಆಯಿತು: ಜನಸಂಖ್ಯೆಗೆ ತಕ್ಕಷ್ಟು ಹಣ ನಮ್ಮ ಜನಕ್ಕೇ ಖರ್ಚಾಗಬೇಕು ಅಂತ. 2023-24ರಲ್ಲಿ ಅದರಿಂದ 11,000 ಕೋಟಿಗೂ ಹೆಚ್ಚನ್ನು ಗ್ಯಾರಂಟಿಗಳಿಗೆ ತಿರುಗಿಸಿದರು. ಗ್ಯಾರಂಟಿ ನಮ್ಮ ಮನೆಗೂ ಬರ್ತದೆ, ಅಜ್ಜಿಗೂ ಎರಡು ಸಾವಿರ ಬರ್ತದೆ, ಇಲ್ಲ ಅನ್ನಲ್ಲ. ಆದರೆ ಎಲ್ಲರಿಗೂ ಕೊಡೋದನ್ನು ನಮ್ಮ ಗಂಟಿನಿಂದ ತೆಗೆದು ನಮಗೇ ಕೊಟ್ಟರೆ ನಮ್ಮ ಗಂಟು ಎಲ್ಲಿ ಉಳೀತು? ಆ ದುಡ್ಡಿನ ಒಂದು ಚೂರಿನಲ್ಲಿ, ಅವ್ವ ಅಪ್ಪ ಕಾಫಿ ಸೀಮೆಗೂ ಬೆಂಗಳೂರಿಗೂ ಹೋಗೋ ನಾಲ್ಕು ತಿಂಗಳು ಮಕ್ಕಳನ್ನು ಊರಲ್ಲೇ ಇರಿಸಿ ಉಣಿಸಿ ಓದಿಸೋ ಸುಗ್ಗಿ ಹಾಸ್ಟೆಲನ್ನು ಪ್ರತಿ ಹೋಬಳಿಗೂ ತೆರೆಯಬಹುದಿತ್ತು. ನವೆಂಬರಿಗೆ ಮೊದಲೇ ತೆರೆಯಬೇಕು. ಜನವರಿಯಲ್ಲಿ ಟೆಂಡರ್ ಕರೆದರೆ ಕುರಿ ಆಗಲೇ ಗಡಿ ದಾಟಿರ್ತವೆ.

ಇನ್ನು ನಮ್ಮ ಒಳಗಿನ ಮಾತು. ಇದನ್ನು ಹೇಳಿದರೆ ಕೆಲವು ಹಿರಿಯರಿಗೆ ಸಿಟ್ಟು ಬರ್ತದೆ, ಬರಲಿ. ರಾಜಿ ಮಾಡಿಸಿದ ಜಗಲಿಯ ಕೆಳಗೆ ನಿಂತಿದ್ದವರಲ್ಲಿ ನಮ್ಮ ಕೇರಿಯ ಒಬ್ಬ ಮುಖಂಡನೂ ಇದ್ದ. ನೀಲಿ ಶಾಲು ಹೊದ್ದೇ ನಿಂತಿದ್ದ. ಮಗುವಿನ ಮೇಲೆ ಅತ್ಯಾಚಾರ ಆದರೂ, ಹೊಡೆತ ಬಿದ್ದರೂ, ಮೊದಲು ಓಡಿಬರೋದು ಇಂಥವರೇ, ಎರಡೂ ಕಡೆ ಕಮಿಷನ್ನು. ದೇವದಾಸಿ ಪಿಡುಗೂ ಹಂಗೇ. 1982ರಲ್ಲೇ ನಿಷೇಧ ಕಾಯ್ದೆ ಬಂದರೂ ರಾಜ್ಯದ ಎರಡು ಸುತ್ತಿನ ಸರ್ವೆಯಲ್ಲಿ 46,660 ತಾಯಂದಿರು ಲೆಕ್ಕಕ್ಕೆ ಸಿಕ್ಕರು. ಹೆಚ್ಚಿನಪಾಲು ನಮ್ಮ ಜನವೇ. ಬಳ್ಳಾರಿ ಸೀಮೆಗೆ ಅಂಟಿಕೊಂಡಿರೋ ಮೊಳಕಾಲ್ಮೂರಿಗೆ ಇದು ಹೊಸ ಕಥೆಯಲ್ಲ. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರು ಅನ್ನೋ ಖಾನೆ ಎದುರು ಪೆನ್ನು ಹಿಡಿದು ನಿಂತ ಮಕ್ಕಳ ಜೊತೆ ನಮ್ಮಲ್ಲಿ ಎಷ್ಟೋ ಜನ ಒಂದೇ ರೂಮಲ್ಲಿ ಮಲಗಿದ್ದೇವೆ. ಮುತ್ತು ಕಟ್ಟಿಸಿದ ಗೌಡನನ್ನು ಬೈಯೋಣ. ದೇವರ ಹೆಸರಲ್ಲಿ ಅದಕ್ಕೆ ತಲೆಯಾಡಿಸಿದ ನಮ್ಮ ಸೋದರಮಾವನನ್ನೂ ಬಿಡೋದು ಬೇಡ.

ಇನ್ನೊಂದು. ಆ ಕುರಿ ಒಡೆಯ ಹಾರುವನೂ ಅಲ್ಲ, ದೊಡ್ಡ ಜಮೀನ್ದಾರನೂ ಅಲ್ಲ. ಹಿಂದುಳಿದ ಜಾತಿಯವನು, ಅವನಿಗೂ ಸಾಲ ಇದೆ. "ನಾವು ನೀವು ಒಂದೇ, ಕೇಸು ಗೀಸು ಬೇಡ, ಐಕ್ಯತೆ ಮುರೀತದೆ" ಅಂತ ಒಬ್ಬ ಪ್ರಗತಿಪರರು ನಮಗೆ ಫೋನು ಮಾಡಿದರು. ಹಿಂದುಳಿದವನು ಹೊಡೆದ ಅಂತ ನಮ್ಮ ಹುಡುಗನ ಮೂಳೆ ಮೆತ್ತಗೆ ಮುರೀತಾ ಸ್ವಾಮಿ?

ಕೇರಿಯ ಒಬ್ಬ ಹಿರಿಯ, ಕಮಿಷನ್ ಗಿರಾಕಿ ಅಲ್ಲ, ನಿಜವಾಗಿ ಕೇರಿಗೆ ಬೇಕಾದವನು, ನಮ್ಮನ್ನು ಕೂರಿಸಿಕೊಂಡು ಹೇಳಿದ: "ನೀವು ಓದೋ ಹುಡುಗರು. ನಾಳೆ ಊರು ಬಿಟ್ಟು ಹೋಗ್ತೀರಿ. ನಾವು ಇಲ್ಲೇ ಬಾಳ್ವೆ ಮಾಡಬೇಕು ಕಣ್ರಲಾ. ಶೇಂಗಾ ಕೀಳಾಕೆ ಅವರ ಹೊಲಕ್ಕೇ ಹೋಗ್ಬೇಕು. ಕಂಪ್ಲೇಂಟು ಕೊಟ್ಟ ಮಾರನೇ ದಿನ ಕೂಲಿ ಕರೀದಿದ್ರೆ, ಅಂಗಡೀಲಿ ಸಾಮಾನು ಕೊಡದಿದ್ರೆ, ನಿಮ್ಮ ಹಾಸ್ಟೆಲ್ ಊಟ ನಮಗೆ ಹಾಕ್ತೀರಾ?" ಅವತ್ತು ನಮ್ಮ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರಾ ಇಲ್ಲ. ಕೂಲಿ ನಿಲ್ಲಿಸಿ ಬಹಿಷ್ಕಾರ ಹಾಕೋದೂ ದೌರ್ಜನ್ಯ ತಡೆ ಕಾಯ್ದೆಯ ಕೆಳಗೆ ಅಪರಾಧ ಅಂತ ಹೇಳಿದೆವು. "ಕಾಯ್ದೆ ಉಣ್ಣಾಕೆ ಬರ್ತದಾ?" ಅಂದ. ಆಮೇಲೆ ನಾಲ್ಕು ಹಾಸ್ಟೆಲಿನ ಹುಡುಗರು ಸ್ಕಾಲರ್‌ಷಿಪ್ ದುಡ್ಡಲ್ಲಿ ಐವತ್ತು ನೂರು ಹಾಕಿ ಎರಡು ಚೀಲ ಅಕ್ಕಿ, ಒಂದು ಚೀಲ ರಾಗಿ ಕೇರಿಗೆ ತಗೊಂಡು ಹೋದೆವು. ಎಷ್ಟು ದಿನಕ್ಕೆ ಬಂತು? ಹತ್ತು ದಿನಕ್ಕೆ. ಆದರೆ ಆ ಹತ್ತು ದಿನ ಅಜ್ಜಿ ದೂರು ವಾಪಸ್ ತಗೊಳ್ಳಲಿಲ್ಲ.

ಅದಕ್ಕೇ ಹಾಸ್ಟೆಲ್ ಗೆಳೆಯರೇ, ಕಾನೂನನ್ನು ಪರೀಕ್ಷೆಗೆ ಓದೋ ಹಂಗೆ ಓದಬೇಡಿ, ಠಾಣೆ ಬಾಗಿಲಲ್ಲಿ ನಿಂತು ಹೇಳೋಕೆ ಬರೋ ಹಂಗೆ ಓದಿ. ನಾವು ಅವತ್ತು ತಪ್ಪು ಮಾಡಿದ್ದು ಇಲ್ಲಿಯೇ. ಬರೀ ಬಾಲ ಕಾರ್ಮಿಕ ಅಂತ ಹೇಳಿಕೊಂಡು ಹೋದೆವು, ಹಾಜರಿ ಪುಸ್ತಕ ನಮ್ಮನ್ನು ಹೊಡೆದು ಕೆಡವಿತು. ಮುಂಗಡ ಕೊಟ್ಟು ದುಡಿಸಿಕೊಂಡದ್ದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಪ್ರಕಾರ ಆ 12,000 ಸಾಲವೇ ಸತ್ತಂತೆ, ವಾಪಸ್ ಕೇಳೋ ಹಕ್ಕೇ ಯಾರಿಗೂ ಇಲ್ಲ. ಪರಿಶಿಷ್ಟರನ್ನು ಬೇರೆಯವರು ಬಿಟ್ಟಿಗೋ ಜೀತಕ್ಕೋ ಇಟ್ಟುಕೊಂಡರೆ ಅದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲೂ ಅಪರಾಧ. ಆ ಕಾಯ್ದೆಯ ಕೇಸಿನಲ್ಲಿ ಜಗಲಿ ಮೇಲೆ ಕೂತು ರಾಜಿ ಮಾಡಿಕೊಳ್ಳೋಕೆ ಜಾಗ ಇಲ್ಲ. ದೂರು ದಾಖಲಿಸದೆ ಓಡಾಡಿಸೋ ಅಧಿಕಾರಿಗೇ ಅದರ 4ನೇ ಕಲಂ ಶಿಕ್ಷೆ ಹೇಳ್ತದೆ, ಅವನು ಪರಿಶಿಷ್ಟನಲ್ಲದಿದ್ದರೆ. ತನಿಖೆ ಮಾಡಬೇಕಾದ್ದು ಡಿವೈಎಸ್‌ಪಿ, ಅರವತ್ತು ದಿನದೊಳಗೆ ಆರೋಪಪಟ್ಟಿ ಹಾಕಬೇಕು. ಮೂರು ತಿಂಗಳಿಗೊಮ್ಮೆ ಜಿಲ್ಲಾಧಿಕಾರಿಗಳ ಜಾಗೃತಿ ಸಮಿತಿ ಸೇರಬೇಕು. ಸೇರಿತಾ ಇಲ್ಲವಾ, ಏನು ಮಾತಾಡಿದರು ಅಂತ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಗೆ ಕೇಳಬಹುದು. ಲೈಂಗಿಕ ದೌರ್ಜನ್ಯ ಆಗಿದ್ದರೆ 2012ರ ಪೋಕ್ಸೊ ಕಾಯ್ದೆ. ವಿಷಯ ಗೊತ್ತಿದ್ದೂ ಠಾಣೆಗೆ ತಿಳಿಸದೆ ಮುಚ್ಚಿಟ್ಟವನೂ ಅದರಲ್ಲಿ ಅಪರಾಧಿ, ನೀಲಿ ಶಾಲು ಹೊದ್ದವನೂ ಸೇರಿ. ಮಗುವನ್ನು ಠಾಣೆಗೆ ಎಳೆದಾಡಬೇಕಾಗಿಲ್ಲ. ಮಹಿಳಾ ಅಧಿಕಾರಿ ಸಮವಸ್ತ್ರ ಇಲ್ಲದೆ ಮನೆಗೇ ಬಂದು ಹೇಳಿಕೆ ಬರೆದುಕೊಳ್ಳಬೇಕು. 1098 ಅನ್ನೋ ನಂಬರನ್ನು ಕೇರಿಯ ಸಮುದಾಯ ಭವನದ ಗೋಡೆ ಮೇಲೆ ಬರೆಯೋಕೆ ಒಂದು ಡಬ್ಬಿ ಬಣ್ಣ ಸಾಕು.

ಮೊಳಕಾಲ್ಮೂರಿನ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕ ಬರೆಸಿದ ಶಾಸನ ಇವೆ. ಹಾಸ್ಟೆಲಿನಿಂದ ಪ್ರವಾಸ ಹೋದಾಗ ಎಲ್ಲರೂ ಫೋಟೋ ತೆಗೆಸಿಕೊಳ್ತೀವಿ. ಅದರಲ್ಲಿ ಏನಿದೆ ಅಂತ ಯಾವ ಮೇಷ್ಟ್ರೂ ಹೇಳಲ್ಲ. ಮೇಲೇರೋದು ದೊಡ್ಡವರಿಗೆ ಮಾತ್ರ ಸಾಧ್ಯವಾದದ್ದಲ್ಲ, ಪ್ರಯತ್ನ ಪಟ್ಟರೆ ಸಣ್ಣವರಿಗೂ ಆಗ್ತದೆ ಅನ್ನೋ ಅರ್ಥದ ಮಾತು ಅಲ್ಲಿದೆ. ಎರಡು ಸಾವಿರದ ಇನ್ನೂರು ಚಿಲ್ಲರೆ ವರ್ಷದಿಂದ ಇದೆ. ಕಲ್ಲಿನ ಮೇಲಿನ ಹಾಜರಿ ಅದು.

ಆ ದೂರನ್ನು ನಾವು ಮತ್ತೆ ಬರೆದೆವು. ಈ ಸಲ ಹುಡುಗನ ಎಕ್ಸ್‌ರೇ ಸೇರಿಸಿದೆವು. ಮಂದೆ ಹೋದ ದಾರಿಯಲ್ಲಿ ಅವನಿಗೆ ಬುತ್ತಿ ಕೊಟ್ಟಿದ್ದ ಗಡಿಯಾಚೆಯ ಒಬ್ಬ ತಾಯಿಯ ಹೇಳಿಕೆ ಸೇರಿಸಿದೆವು. ಆಕೆ ತೆಲುಗಿನಲ್ಲಿ ಹೇಳಿದ್ದನ್ನು ನಮ್ಮವನೊಬ್ಬ ಕನ್ನಡದಲ್ಲಿ ಬರೆದ. ಬೆಳಿಗ್ಗೆ ಹತ್ತಕ್ಕೆ ಹೋದವರು ರಾತ್ರಿ ಹನ್ನೊಂದಕ್ಕೆ ಎಫ್ಐಆರ್ ಪ್ರತಿ ಹಿಡಿದು ಹೊರಗೆ ಬಂದೆವು. ಬಸ್ಸಿರಲಿಲ್ಲ. ಬಸ್‌ಸ್ಟ್ಯಾಂಡಿನ ಕಟ್ಟೆ ಮೇಲೆ ಅಜ್ಜಿ, ಹುಡುಗ, ನಾವು ಐದು ಜನ ಮಲಗಿದೆವು. ಅಜ್ಜಿ ರಾತ್ರಿಯೆಲ್ಲಾ ಆ ಕಾಗದವನ್ನು ಸೆರಗಿನಲ್ಲಿ ಗಂಟು ಹಾಕೋದು, ಬಿಚ್ಚಿ ನೋಡೋದು ಮಾಡ್ತಿದ್ದಳು. ಅವಳಿಗೆ ಓದೋಕೆ ಬರಲ್ಲ.

ಕೇಸು ಚಿತ್ರದುರ್ಗದ ಕೋರ್ಟಿನಲ್ಲಿದೆ. ಒಡೆಯ ಜಾಮೀನಿನ ಮೇಲೆ ಹೊರಗಿದ್ದಾನೆ. ಹುಡುಗ ಆರನೇ ಕ್ಲಾಸಿಗೆ ನಮ್ಮ ಹತ್ತಿರದ ಹಾಸ್ಟೆಲಿಗೆ ಸೇರಿದ್ದಾನೆ. ಬಲಗೈ ಪೂರಾ ಮಡಚೋದಿಲ್ಲ, ಎಡಗೈಯಲ್ಲಿ ಬರೆಯೋದು ಕಲೀತಿದ್ದಾನೆ. ಬೆಳಿಗ್ಗೆ ಹಾಜರಿ ಕೂಗುವಾಗ ಅವನ ಹೆಸರು ಬಂದರೆ ಎದ್ದು ನಿಂತು, ಬೇಕಾದ್ದಕ್ಕಿಂತ ಜೋರಾಗಿ "ಬಂದೀನಿ ಸಾ" ಅಂತಾನೆ.